ತೋಬಿಯಾಸ್ ಪೋರ್ಚಿ: ಒಬ್ಬ ಪ್ರಾಂತಾಧಿಕಾರಿಯ ಚರಿತ್ರೆಯೂ ಒಂದು ಜನಾಂಗದ ನುಡಿಯೂ

ಆಸ್ಟ್ರಿಯಾ ದೇಶದ ಪೂರ್ವದ ಗಡಿಯಲ್ಲಿ, ಹಂಗೆರಿಗೆ ತಗುಲಿದಂತೆ, ಬುರ್ಗೆನ್‌ಲಾಂಡ್ ಎಂಬ ಸಣ್ಣ ಪ್ರಾಂತವೊಂದುಂಟು. 1938ನೆಯ ಮಾರ್ಚಿಯಿಂದ ಅಕ್ಟೋಬರಿನ ನಡುವಿನವರೆಗೆ, ಏಳು ತಿಂಗಳ ಕಾಲ, ಈ ಪ್ರಾಂತದ ಆಡಳಿತವು ತೋಬಿಯಾಸ್ ಪೋರ್ಚಿ ಎಂಬ ನ್ಯಾಯಶಾಸ್ತ್ರಜ್ಞನ ಕೈಯಲ್ಲಿತ್ತು. ಇವನು ನಾಜಿ ಪಕ್ಷದ ಪ್ರಾಂತೀಯ ನಾಯಕನು. ಹಿಟ್ಲರ್, ಹಿಮ್ಲರ್ ಮೊದಲಾದವರಂತೆ ಲೋಕಪ್ರಸಿದ್ಧನಲ್ಲ. ಯೂರೋಪಿನ ದೊಡ್ಡ ಚರಿತ್ರೆಗಳಲ್ಲಿ ಇವನಿಗೆ ಒಂದು ಸಾಲಿಗಿಂತ ಹೆಚ್ಚು ಎಡೆ ದೊರೆಯುವುದು ಅಪೂರ್ವ. ಆದರೂ ಭಾರತೀಯ ಭಾಷಾಭ್ಯಾಸಿಗಳು ಇವನ ಜೀವನವನ್ನು ಗಮನಿಸಬೇಕಾದುದಕ್ಕೆ ಎರಡು ಕಾರಣಗಳುಂಟು. ಇವನಿಂದ ಅತ್ಯಂತ ಹೆಚ್ಚಿನ ಕೇಡಿಗೆ ಗುರಿಯಾದ ರೋಮಾ ಜನರು ಆಡುವ ಮಾತು ಭಾರತದಿಂದ ಹೋದದ್ದು ಎಂಬುದು ಒಂದು. ಆ ಕೇಡಿಗೆ ಇವನು ಬಳಸಿದ ಮುಖ್ಯ ಸಾಧನವು ಕತ್ತಿಯಲ್ಲ, ಬರವಣಿಗೆ ಎಂಬುದು ಮತ್ತೊಂದು. ಒಂದು ಜನಾಂಗವು ಎಲ್ಲಿಂದ ಬಂದಿತೆಂದು ಭಾಷಾಶಾಸ್ತ್ರವು ಶ್ರಮಪಟ್ಟು ಕಂಡುಕೊಂಡ ಸತ್ಯವು, ಆ ಜನಾಂಗವು ಇಲ್ಲಿರತಕ್ಕದ್ದಲ್ಲ ಎಂಬ ವಾದಕ್ಕೆ ಹೇಗೆ ಆಯುಧವಾದೀತೆಂಬುದನ್ನು ಈ ಚರಿತ್ರೆಯು ತೋರಿಸುತ್ತದೆ.

1. ಪ್ರಾಂತವೂ ಜನನವೂ

ಬುರ್ಗೆನ್‌ಲಾಂಡ್ ಹಳೆಯ ಪ್ರಾಂತವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯವು ಒಡೆದುಹೋದ ಮೇಲೆ, ಪಶ್ಚಿಮ ಹಂಗೆರಿಯಲ್ಲಿ ಜರ್ಮನ್ ಭಾಷೆಯನ್ನಾಡುವವರು ಹೆಚ್ಚಾಗಿದ್ದ ನೆಲವು 1921ರಲ್ಲಿ ಆಸ್ಟ್ರಿಯಾ ಗಣರಾಜ್ಯಕ್ಕೆ ಸೇರಿತು. ಅದರ ಮುಖ್ಯ ಪಟ್ಟಣವಾಗಬೇಕಿದ್ದ ಷೋಪ್ರೋನ್ ಅದೇ ವರ್ಷ ಡಿಸೆಂಬರಿನಲ್ಲಿ ನಡೆದ ಜನಮತದಿಂದ ಹಂಗೆರಿಯಲ್ಲೇ ಉಳಿಯಿತು. ಬಳಿಕ ಐಸೆನ್‌ಷ್ಟಾಟ್ ಎಂಬ ಊರು ಆಡಳಿತದ ಕೇಂದ್ರವಾಯಿತು. ಈ ಕಿರುಪ್ರಾಂತದಲ್ಲಿ ಜರ್ಮನ್, ಕ್ರೊಯೇಷಿಯನ್, ಹಂಗೇರಿಯನ್, ರೋಮಾನಿ ಎಂಬ ನಾಲ್ಕು ನುಡಿಗಳು ಒಂದರ ಮಗ್ಗುಲಲ್ಲೊಂದು ಬಾಳುತ್ತಿದ್ದುವು. ಅಲ್ಲದೆ ಎಸ್ಟರ್‌ಹಾಜಿ ಮನೆತನದ ಆಶ್ರಯದಲ್ಲಿ ಬೆಳೆದ ಏಳು ಯೆಹೂದ್ಯ ಸಮುದಾಯಗಳೂ ಅಲ್ಲಿ ಶತಮಾನಗಳಿಂದ ನೆಲಸಿದ್ದುವು. ಗಡಿಸೀಮೆಯ ಸ್ವಭಾವವನ್ನು ಬಲ್ಲ ಕನ್ನಡಿಗರಿಗೆ ಇಂತಹ ಪ್ರದೇಶದ ಚಿತ್ರವು ಸುಲಭವಾಗಿ ಮನಸ್ಸಿಗೆ ಬರುವುದು. ನುಡಿಗಳು ಬೆರೆತಿರುವಲ್ಲಿ ನೆರೆಹೊರೆಯ ಸ್ನೇಹವೂ ಉಂಟು. ತನ್ನತನವನ್ನು ಕುರಿತ ಅತಿಯಾದ ಆತಂಕವೂ ಉಂಟು.

ಪೋರ್ಚಿಯು 1905ನೆಯ ಸೆಪ್ಟೆಂಬರ್ 5ರಂದು ಉಂಟರ್‌ಷ್ಯೂಟ್ಜೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಅಂದಿಗೆ ಅದು ಹಂಗೆರಿಯ ರಾಜ್ಯಕ್ಕೆ ಸೇರಿತ್ತು. ಹೀಗೆ ಹಂಗೆರಿಯ ಪ್ರಜೆಯಾಗಿ ಹುಟ್ಟಿದವನು ತನ್ನ ಹದಿನಾರನೆಯ ವಯಸ್ಸಿನಲ್ಲಿ ಆಸ್ಟ್ರಿಯಾದ ಪ್ರಜೆಯಾದನು. ನೆರೆಯ ಓಬರ್‌ಷ್ಯೂಟ್ಜೆನ್ ಎಂಬ ಊರು ಪ್ರಾಟೆಸ್ಟಂಟರ ವಿದ್ಯಾಶಾಲೆಗಳಿಗೆ ಹೆಸರಾಗಿತ್ತು. ಜರ್ಮನ್ ರಾಷ್ಟ್ರಾಭಿಮಾನಕ್ಕೂ ಅದು ನೆಲೆಯಾಗಿತ್ತು. ಮುಂದೆ ಪೋರ್ಚಿಯು ನ್ಯಾಯಶಾಸ್ತ್ರವನ್ನು ಓದಿ ಡಾಕ್ಟರ್ ಪದವಿಯನ್ನು ಪಡೆದನು. ಆಸ್ಟ್ರಿಯಾ ಸರಕಾರವು 1933ನೆಯ ಜೂನಿನಲ್ಲಿ ನಾಜಿ ಪಕ್ಷವನ್ನು ನಿಷೇಧಿಸಿದ ಮೇಲೂ ಅವನು ಪಕ್ಷವನ್ನು ಬಿಡಲಿಲ್ಲ. 1935ರಿಂದ ಅವನು ಬುರ್ಗೆನ್‌ಲಾಂಡಿನಲ್ಲಿ ಗುಪ್ತವಾಗಿ ಕೆಲಸಮಾಡುತ್ತಿದ್ದ ಪಕ್ಷಕ್ಕೆ ಗೌಲೈಟರ್, ಎಂದರೆ ಪ್ರಾಂತನಾಯಕ, ಆಗಿದ್ದನು.

2. ರೋಮಾ ಜನರ ನುಡಿ

ಪೋರ್ಚಿಯ ಕೃತ್ಯವನ್ನು ತಿಳಿಯುವ ಮುನ್ನ ಅವನ ನೆರೆಯವರಾಗಿದ್ದ ರೋಮಾ ಜನರ ವಿಷಯವನ್ನು ತಿಳಿಯಬೇಕು. ಇಂಗ್ಲಿಷರು ಇವರನ್ನು ಜಿಪ್ಸಿಗಳೆಂದೂ ಜರ್ಮನರು ತ್ಸಿಗಾಯ್ನರ್ ಎಂದೂ ಕರೆದರು. ಎರಡೂ ಹೊರಗಿನವರು ಇಟ್ಟ ಹೆಸರುಗಳು, ಎರಡರಲ್ಲಿಯೂ ತಿರಸ್ಕಾರದ ಧ್ವನಿಯುಂಟು. ಅವರು ತಮ್ಮನ್ನು ಕರೆದುಕೊಳ್ಳುವುದು ರೋಮಾ ಎಂದು. ಬುರ್ಗೆನ್‌ಲಾಂಡಿನ ರೋಮರು ತಮ್ಮ ಮಾತನ್ನು ರೋಮಾನ್ ಎನ್ನುವರು.

ಈ ಮಾತಿನ ಮೂಲವು ಭಾರತದಲ್ಲಿದೆಯೆಂಬುದನ್ನು ಶಾಸ್ತ್ರೀಯವಾಗಿ ತೋರಿಸಿದವರಲ್ಲಿ ಮೊದಲಿಗನು ಜರ್ಮನಿಯ ಯೋಹಾನ್ ರ‍್ಯೂಡಿಗರ್. ಅವನ ಲೇಖನವು 1782ರಲ್ಲಿ ಪ್ರಕಟವಾಯಿತು. ಆಮೇಲೆ ಪೋಟ್ ಎಂಬ ಪಂಡಿತನು 1844–45ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ರಚಿಸಿದನು. ವಿಯೆನ್ನಾ ನಗರದ ಮಿಕ್ಲೋಸಿಚ್ ಎಂಬ ವಿದ್ವಾಂಸನು 1872ರಿಂದ ಮೊದಲ್ಗೊಂಡು ರೋಮಾನಿಯ ಉಪಭಾಷೆಗಳನ್ನೂ ಆ ಜನರ ವಲಸೆಯ ದಾರಿಯನ್ನೂ ಕುರಿತು ಲೇಖನಮಾಲೆಯನ್ನು ಬರೆದನು. ಅದನ್ನು ಪ್ರಕಟಿಸಿದ್ದು ವಿಯೆನ್ನಾದ ವಿಜ್ಞಾನ ಅಕಾಡೆಮಿ. 1926ರಲ್ಲಿ ಟರ್ನರನು ಭಾರತೀಯ ಆರ್ಯಭಾಷೆಗಳಲ್ಲಿ ರೋಮಾನಿಗೆ ಸಲ್ಲುವ ಸ್ಥಾನವನ್ನು ನಿರ್ಣಯಿಸಿದನು. ಮಧ್ಯದೇಶದ ಭಾಷೆಗಳ ಗುಂಪಿನಿಂದ ಬಲು ಮುಂಚೆಯೇ ಅಗಲಿ, ವಾಯವ್ಯದಲ್ಲಿ ಕೆಲವು ಕಾಲ ನಿಂತು, ಅನಂತರ ಅದು ಪಶ್ಚಿಮಕ್ಕೆ ಸಾಗಿತೆಂಬುದು ಅವನ ಸಿದ್ಧಾಂತ.

ಸಂಸ್ಕೃತವನ್ನು ಬಲ್ಲವರಿಗೆ ಈ ಬಾಂಧವ್ಯವು ಕೇಳಿದೊಡನೆಯೇ ಹೊಳೆಯುವುದು. ರೋಮಾನಿಯಲ್ಲಿ ನೀರಿಗೆ ‘ಪಾನಿ’, ಹಲ್ಲಿಗೆ ‘ದಂದ್’, ತಲೆಗೆ ‘ಷೇರೊ’, ವರ್ಷಕ್ಕೆ ‘ಬೆರ್ಷ್’, ಮನುಷ್ಯನಿಗೆ ‘ಮನುಷ್’, ಬೆಂಕಿಗೆ ‘ಯಾಗ್’. ಇವುಗಳಲ್ಲಿ ಕಡೆಯದು ‘ಅಗ್ನಿ’ ಶಬ್ದದಿಂದ ಬಂದುದು, ‘ಯಾಗ’ದಿಂದಲ್ಲ. ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂಬುದಕ್ಕೆ ‘ಯೇಕ್, ದುಯ್, ತ್ರಿನ್, ಷ್ಟಾರ್, ಪಂಜ್’. ಹಿಂದಿಯು ‘ತೀನ್’ ಎಂದು ಕಳೆದುಕೊಂಡಿರುವ ರೇಫವನ್ನು ರೋಮಾನಿಯ ‘ತ್ರಿನ್’ ಉಳಿಸಿಕೊಂಡಿದೆ. ‘ಭ್ರಾತೃ’ವಿನಿಂದ ಬಂದ ‘ಫ್ರಾಲ್’ ಎಂಬುದರಲ್ಲಿಯೂ ಹಾಗೆಯೇ. ಆದರೆ ಏಳು, ಎಂಟು, ಒಂಬತ್ತಕ್ಕೆ ಇರುವ ‘ಎಫ್ತಾ, ಓಖ್ತೊ, ಎನ್ಯಾ’ ಎಂಬುವೂ ದಾರಿಗೆ ಇರುವ ‘ದ್ರೋಮ್’ ಎಂಬುದೂ ಗ್ರೀಕ್ ಮಾತುಗಳು. ಗ್ರೀಕರ ನಾಡಿನಲ್ಲಿ ಈ ಜನರು ಬಹುಕಾಲ ನೆಲಸಿದ್ದರೆಂಬುದಕ್ಕೆ ಇವೇ ಸಾಕ್ಷಿ. ಬರೆದಿಟ್ಟ ಚರಿತ್ರೆಯಿಲ್ಲದ ಜನಕ್ಕೆ ಅವರ ನಿಘಂಟೇ ಶಾಸನವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಕನ್ನಡ ನಾಡಿನ ಲಂಬಾಣಿಗರ ಮಾತಿಗೂ ರೋಮಾನಿಗೂ ಹೋಲಿಕೆಯುಂಟೆಂದು, ಆ ಎರಡು ಜನವೂ ಒಂದೇ ಎಂದು ಹೇಳುವವರುಂಟು. ಎರಡೂ ಆರ್ಯಭಾಷೆಗಳಾದುದರಿಂದ ಹೋಲಿಕೆಯಿರುವುದು ಸಹಜ. ಅಷ್ಟರಿಂದಲೇ ನೇರವಾದ ರಕ್ತಸಂಬಂಧವು ಸಿದ್ಧವಾಗದು. ನುಡಿಯಿಂದ ಕುಲವನ್ನು ತೀರ್ಮಾನಿಸುವ ಅವಸರವು ಎಂತಹ ಅನರ್ಥಕ್ಕೆ ಎಡೆಗೊಡುವುದೆಂಬುದನ್ನು ಮುಂದಿನ ಕಥೆಯೇ ಹೇಳುವುದು.

3. ‘ಪ್ರಶ್ನೆ’ ಹುಟ್ಟಿದ ಬಗೆ

ಬುರ್ಗೆನ್‌ಲಾಂಡಿನ ರೋಮರಲ್ಲಿ ಬಹುಮಂದಿ ಅಲೆಮಾರಿಗಳಲ್ಲ. 18ನೆಯ ಶತಮಾನದಲ್ಲಿ ಮರಿಯಾ ತೆರೇಸಾ ರಾಣಿಯೂ ಅವಳ ಮಗ ಎರಡನೆಯ ಜೋಸೆಫನೂ ಅವರ ಅಲೆದಾಟವನ್ನು ನಿಷೇಧಿಸಿದರು. ಅವರಿಗೆ ‘ಹೊಸ ರೈತರು’ ಎಂಬ ಹೆಸರನ್ನು ಕೊಟ್ಟು, ಮಕ್ಕಳನ್ನು ತಾಯ್ತಂದೆಗಳಿಂದ ಅಗಲಿಸಿ, ಬಲವಂತದಿಂದ ಹಳ್ಳಿಗಳಲ್ಲಿ ನೆಲೆನಿಲ್ಲಿಸಿದರು. ಹಾಗೆ ನಿಂತವರು ಊರ ಹೊರಗಿನ ಗುಡಿಸಿಲುಗಳಲ್ಲಿದ್ದು, ಕಮ್ಮಾರಿಕೆಯನ್ನೂ ಸಂಗೀತವನ್ನೂ ಸುಗ್ಗಿಯ ಕೂಲಿಯನ್ನೂ ನೆಚ್ಚಿ ಬಾಳಿದರು. 1929ರ ಅನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕೂಲಿಯು ಇಲ್ಲವಾಯಿತು. ಬಡವರ ಪೋಷಣೆಯ ವೆಚ್ಚವು ಕಾನೂನಿನ ಪ್ರಕಾರ ಆಯಾ ಗ್ರಾಮದ ಮೇಲೆಯೇ ಬೀಳುತ್ತಿದ್ದುದರಿಂದ, ಬಡ ಗ್ರಾಮಗಳು ತಮಗಿಂತಲೂ ಬಡವರಾದ ರೋಮರನ್ನು ಹೊರೆಯೆಂದು ದೂರತೊಡಗಿದುವು.

ಪೊಲೀಸರು 1920ರ ದಶಕದಲ್ಲಿಯೇ ರೋಮರ ಭಾವಚಿತ್ರ, ಬೆರಳಚ್ಚುಗಳನ್ನು ತೆಗೆದು ಪಟ್ಟಿಯನ್ನು ಮಾಡಲು ತೊಡಗಿದ್ದರು. 1933ನೆಯ ಜನವರಿಯಲ್ಲಿ ಓಬರ್‌ವಾರ್ಟ್ ಎಂಬ ಊರಿನಲ್ಲಿ ಅಧಿಕಾರಿಗಳೂ ಬೇರೆ ಬೇರೆ ಪಕ್ಷಗಳ ರಾಜಕಾರಣಿಗಳೂ ಸಭೆ ಸೇರಿ ‘ಜಿಪ್ಸಿ ಪ್ರಶ್ನೆ’ಯನ್ನು ಚರ್ಚಿಸಿದರು. ನಾಜಿಗಳು ಅಲ್ಲಿ ಅಧಿಕಾರಕ್ಕೆ ಬರಲು ಇನ್ನೂ ಐದು ವರ್ಷಗಳಿದ್ದುವು. ಎಂದಮೇಲೆ ‘ಪ್ರಶ್ನೆ’ ಎಂಬ ಈ ಶಬ್ದವನ್ನು ಪೋರ್ಚಿಯು ನಿರ್ಮಿಸಲಿಲ್ಲ, ಸಿದ್ಧವಾಗಿದ್ದುದನ್ನು ಎತ್ತಿಕೊಂಡನು. ಬಡತನವು ಒಂದು ಸ್ಥಿತಿ, ಸ್ಥಿತಿಗೆ ಪರಿಹಾರವುಂಟು. ಆದರೆ ಜನರನ್ನೇ ‘ಪ್ರಶ್ನೆ’ ಎಂದು ಕರೆದಾಗ, ಉತ್ತರವೆಂಬುದಕ್ಕೆ ಆ ಜನರಿಲ್ಲದಿರುವುದು ಎಂಬ ಅರ್ಥವು ಮೆಲ್ಲನೆ ಬಂದು ಸೇರುವುದು.

ಜನ್ಮಮಾತ್ರದಿಂದ ಒಂದು ಜನವನ್ನು ಪಟ್ಟಿಗೆ ಸೇರಿಸುವ ಪದ್ಧತಿಯು ಕನ್ನಡ ನಾಡಿಗೂ ಹೊಸದಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಶಾಸನದ ಪರಂಪರೆಯಲ್ಲಿ ಕೊರಚ, ಕೊರಮ, ಗಂಟಿಚೋರ ಮೊದಲಾದವರ ಹೆಸರುಗಳು ಹುಟ್ಟಿನಿಂದಲೇ ಅಪರಾಧಿಗಳ ಪಟ್ಟಿಯಲ್ಲಿ ಸೇರಿದುವು. ಹುಬ್ಬಳ್ಳಿ, ಗದಗು, ವಿಜಾಪುರಗಳಲ್ಲಿ ತಂತಿಬೇಲಿಯೊಳಗಣ ‘ಸೆಟ್ಲಮೆಂಟು’ಗಳು ಎದ್ದುವು. ಈ ಶಾಸನವು ರದ್ದಾದುದು ಸ್ವಾತಂತ್ರ್ಯಾನಂತರ, 1952ರಲ್ಲಿ. ಹುಬ್ಬಳ್ಳಿಯ ಸೆಟ್ಲಮೆಂಟನ್ನೂ ಮುಂದೆ ಹೇಳಲಿರುವ ಶಿಬಿರಗಳನ್ನೂ ಸಮವೆನ್ನುವುದು ಅಸತ್ಯವಾದೀತು; ಒಂದರ ಉದ್ದೇಶವು ಹತೋಟಿ, ಮತ್ತೊಂದರದು ನಾಶ. ಆದರೆ ಎರಡು ದಾರಿಗಳ ಮೊದಲ ಮೆಟ್ಟಿಲು ಒಂದೇ: ವ್ಯಕ್ತಿಯ ಕೃತ್ಯವನ್ನು ಬಿಟ್ಟು ಅವನ ಕುಲವನ್ನು ವಿಚಾರಣೆಗೆ ನಿಲ್ಲಿಸುವುದು.

4. ಏಳು ತಿಂಗಳ ಆಳಿಕೆ

1938ನೆಯ ಮಾರ್ಚ್ 11ರ ರಾತ್ರಿ ಆಸ್ಟ್ರಿಯಾದ ಪ್ರಧಾನ ಷುಷ್‌ನಿಗ್ ರಾಜೀನಾಮೆಯನ್ನಿತ್ತನು. ಮರುದಿನ ಜರ್ಮನ್ ಸೈನ್ಯವು ಗಡಿಯನ್ನು ದಾಟಿತು. ಸೈನ್ಯವು ಬರುವ ಮುನ್ನವೇ ಪ್ರಾಂತಗಳಲ್ಲಿ ಸ್ಥಳೀಯ ನಾಜಿಗಳು ಆಡಳಿತವನ್ನು ವಶಪಡಿಸಿಕೊಂಡಿದ್ದರು. ಬುರ್ಗೆನ್‌ಲಾಂಡಿನಲ್ಲಿ ಪೋರ್ಚಿಯು ಪ್ರಾಂತಾಧ್ಯಕ್ಷನಾದನು. ಅವನ ವಯಸ್ಸು ಅಂದಿಗೆ 32.

ಅವನು ಕಾಲವನ್ನು ಕಳೆಯಲಿಲ್ಲ. ಏಪ್ರಿಲ್ ತಿಂಗಳ ಮೊದಲಲ್ಲಿಯೇ ಬಹಿರಂಗ ಭಾಷಣದಲ್ಲಿ, ಭೂಸುಧಾರಣೆಯ ಜೊತೆಗೆ ಜಿಪ್ಸಿ ಪ್ರಶ್ನೆಯನ್ನೂ ಯೆಹೂದ್ಯ ಪ್ರಶ್ನೆಯನ್ನೂ ಬಿಡಿಸುವುದಾಗಿ ಸಾರಿದನು. ಯೆಹೂದ್ಯರ ಆಸ್ತಿಯನ್ನು ಕಸಿದು ಅವರನ್ನು ಓಡಿಸುವ ಕೆಲಸವು ಆಸ್ಟ್ರಿಯಾದ ಇತರ ಭಾಗಗಳಿಗಿಂತ ಇಲ್ಲಿ ವೇಗವಾಗಿ ನಡೆಯಿತು. ಏಪ್ರಿಲ್ ನಡುವಿನಲ್ಲಿ ಕಿಟ್‌ಸೀ ಮತ್ತು ಅದರ ನೆರೆಯ ಹಳ್ಳಿಯ ಯೆಹೂದ್ಯರನ್ನು ರಾತ್ರಿಯಲ್ಲಿ ಕೊಂಡೊಯ್ದು ಡ್ಯಾನ್ಯೂಬ್ ನದಿಯ ಅಲೆಗಟ್ಟೆಯೊಂದರ ಮೇಲೆ ಬಿಟ್ಟರು. ನೆರೆಯ ಯಾವ ರಾಜ್ಯವೂ ಅವರನ್ನು ಒಳಗೆ ಬಿಡದುದರಿಂದ, ಆ ಕುಟುಂಬಗಳು ನದಿಯ ನಡುವೆ ಒಂದು ನಾವೆಯಲ್ಲಿ ಹಲವು ವಾರಗಳನ್ನು ಕಳೆಯಬೇಕಾಯಿತು. ಶತಮಾನಗಳಿಂದ ನೆಲಸಿದ್ದ ಏಳು ಸಮುದಾಯಗಳು ಆ ವರ್ಷ ಮುಗಿಯುವುದರೊಳಗೆ ಬರಿದಾದುವು.

ರೋಮರಿಗೆ ಏಪ್ರಿಲ್ 10ರ ಜನಮತದಲ್ಲಿ ಮತ ಕೊಡುವ ಹಕ್ಕಿರಲಿಲ್ಲ. ಅವರ ಮಕ್ಕಳನ್ನು ಶಾಲೆಗಳಿಂದ ಹೊರಗಿಟ್ಟರು. ದುಡಿಯಬಲ್ಲವರನ್ನು ಬಲವಂತದ ಕೂಲಿಗೆ ಹಚ್ಚಿದರು. ಶಾಲೆಯಿಂದ ಹೊರಗಾದ ಆ ಮಕ್ಕಳಲ್ಲಿ ಬದುಕುಳಿದವರು ಮುಂದೆ ಅಕ್ಷರವಿಲ್ಲದವರೆಂದೇ ಜರೆಸಿಕೊಳ್ಳಬೇಕಾಯಿತೆಂಬುದನ್ನು ಉಪಾಧ್ಯಾಯರಾದವರು ವಿಶೇಷವಾಗಿ ಗಮನಿಸತಕ್ಕದ್ದು.

5. ಮನವಿಪತ್ರ

1938ನೆಯ ಆಗಸ್ಟಿನಲ್ಲಿ ಪೋರ್ಚಿಯು ‘ಜಿಪ್ಸಿ ಪ್ರಶ್ನೆ’ ಎಂಬ ಹೆಸರಿನ ಮನವಿಪತ್ರವೊಂದನ್ನು ಐಸೆನ್‌ಷ್ಟಾಟಿನಿಂದ ಹೊರಡಿಸಿದನು. ಅವನ ಜೀವನದಲ್ಲಿ ಚರಿತ್ರೆಗೆ ಉಳಿದ ಮುಖ್ಯ ಸಂಗತಿಯಿದೇ. ರೋಮರನ್ನು ಬಲವಂತದ ದುಡಿಮೆಯ ಶಿಬಿರಗಳಲ್ಲಿ ಇಡಬೇಕು, ಅವರಿಗೆ ಸಂತಾನವಾಗದಂತೆ ಶಸ್ತ್ರಚಿಕಿತ್ಸೆ ಮಾಡಬೇಕು, ಶಾಲೆಗಳಿಗೆ ಸೇರಿಸಬಾರದು, ಜರ್ಮನರೊಡನೆ ಅವರ ಸಂಪರ್ಕವನ್ನು ಕಡಿಯಬೇಕು ಎಂಬುವು ಅದರ ಮುಖ್ಯ ಸಲಹೆಗಳು. ಬರ್ಲಿನ್ನಿನಿಂದ ಬಂದ ಆಜ್ಞೆಯನ್ನು ಒಬ್ಬ ಕೆಳಗಿನ ಅಧಿಕಾರಿಯು ನೆರವೇರಿಸಿದನೆಂಬ ಮಾತು ಇಲ್ಲಿ ಸಲ್ಲದು. ರೋಮರ ಗತಿಯನ್ನು ನಿರ್ಣಯಿಸುವ ದೊಡ್ಡ ಆಜ್ಞೆಗಳು ಇನ್ನೂ ಹೊರಡುವ ಮುನ್ನವೇ, ಪ್ರಾಂತವೊಂದರ ಮೂಲೆಯಿಂದ, ಮೇಲಿನವರಿಗೆ ದಾರಿ ತೋರಿಸುವಂತೆ ಈ ಬರವಣಿಗೆ ಹೊರಟಿತು. ಫ್ಯಾಸಿಸ್ಟ್ ಆಡಳಿತವು ಕೇಂದ್ರದಿಂದ ಮಾತ್ರ ಅಂಚಿಗೆ ಹರಿಯಿತೆಂದು ತಿಳಿಯುವುದು ಅರ್ಧಸತ್ಯ. ಅಂಚಿನ ಉತ್ಸಾಹಿಗಳು ಕೇಂದ್ರಕ್ಕೆ ಮಾದರಿಗಳನ್ನು ಒದಗಿಸಿಕೊಟ್ಟರೆಂಬುದು ಉಳಿದರ್ಧ.

ಇದರಲ್ಲಿ ಅಡಗಿದ್ದ ವಿರೋಧಾಭಾಸವು ಭಾಷಾಶಾಸ್ತ್ರಜ್ಞರಿಗೆ ಸ್ಪಷ್ಟವಾಗಿರುವುದು. ‘ಆರ್ಯ’ ಎಂಬುದು ಭಾಷೆಗೆ ಸಲ್ಲುವ ಮಾತೇ ಹೊರತು ರಕ್ತಕ್ಕಾಗಲಿ ತಲೆಬುರುಡೆಗಾಗಲಿ ಸಲ್ಲದೆಂದು ಮ್ಯಾಕ್ಸ್ ಮುಲ್ಲರನು 19ನೆಯ ಶತಮಾನದಲ್ಲಿಯೇ ಎಚ್ಚರಿಸಿದ್ದನು. ಆ ಶಬ್ದದ ಶಾಸ್ತ್ರೀಯವಾದ ಅರ್ಥದಲ್ಲಿ ನೋಡಿದರೆ ಬುರ್ಗೆನ್‌ಲಾಂಡಿನ ಆರ್ಯಭಾಷಿಗಳು ರೋಮರೇ. ಈ ತೊಡಕನ್ನು ನಾಜಿ ‘ಕುಲವಿಜ್ಞಾನಿ’ಗಳು ಕಾಣದೆ ಇರಲಿಲ್ಲ. 1936ರಿಂದ ಬರ್ಲಿನ್ನಿನಲ್ಲಿ ಈ ವಿಷಯದ ಸಂಸ್ಥೆಯನ್ನು ನಡೆಸಿದ ರೋಬರ್ಟ್ ರಿಟ್ಟರನು, ರೋಮರು ಭಾರತದಿಂದ ಬಂದವರೆಂಬುದನ್ನು ಒಪ್ಪಿ, ಆದರೆ ಅವರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನವರು ದಾರಿಯುದ್ದಕ್ಕೂ ಬೆರೆತು ಕೆಟ್ಟವರು ಎಂದು ಸಾಧಿಸಿ ತೊಡಕನ್ನು ಬಿಡಿಸಿಕೊಂಡನು. ಹೀಗೆ ಭಾರತೀಯ ಮೂಲವೆಂಬ ಸತ್ಯವು ಅವರನ್ನು ಕಾಪಾಡಲಿಲ್ಲ. ಅವರು ಪರಕೀಯರೆಂಬುದಕ್ಕೆ ಪ್ರಮಾಣವಾಯಿತು.

6. ಪರಿಣಾಮ

1938ನೆಯ ಅಕ್ಟೋಬರ್ 15ರಂದು ಬುರ್ಗೆನ್‌ಲಾಂಡ್ ಎಂಬ ಪ್ರಾಂತವೇ ರದ್ದಾಯಿತು. ಅದರ ಉತ್ತರಭಾಗವನ್ನು ನೀಡರ್‌ಡೋನೌ ವಿಭಾಗಕ್ಕೂ ದಕ್ಷಿಣಭಾಗವನ್ನು ಷ್ಟೀರಿಯಾಕ್ಕೂ ಹಂಚಿದರು. ಪೋರ್ಚಿಯು ಗ್ರಾಟ್ಜ್ ನಗರವನ್ನು ಕೇಂದ್ರವಾಗುಳ್ಳ ಷ್ಟೀರಿಯಾದಲ್ಲಿ ಉಪಗೌಲೈಟರನಾಗಿ ಯುದ್ಧವು ಮುಗಿಯುವವರೆಗೂ ಮುಂದುವರಿದನು.

ಅವನು ಕಾಗದದ ಮೇಲೆ ಬೇಡಿದ್ದು ಒಂದೊಂದಾಗಿ ನೆಲದ ಮೇಲೆ ನಡೆಯಿತು. 1939ರ ಬೇಸಗೆಯಲ್ಲಿ ಬುರ್ಗೆನ್‌ಲಾಂಡಿನ ರೋಮರಲ್ಲಿ ಗಂಡಸರನ್ನು ಡಾಖೌ ಶಿಬಿರಕ್ಕೂ ಹೆಂಗಸರನ್ನು ರಾವೆನ್ಸ್‌ಬ್ರ್ಯುಕ್ ಶಿಬಿರಕ್ಕೂ ಸಾಗಿಸಿದರು. 1940ನೆಯ ನವೆಂಬರಿನಲ್ಲಿ ಲಾಕೆನ್‌ಬಾಖ್ ಎಂಬಲ್ಲಿ, ಎಸ್ಟರ್‌ಹಾಜಿ ಮನೆತನದ ಹಳೆಯ ಕುರಿದೊಡ್ಡಿಯಲ್ಲಿ, ರೋಮರಿಗಾಗಿಯೇ ಒಂದು ಶಿಬಿರವು ತೆರೆಯಿತು. ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ಇಂದಿನ ಹೊಸ ತಿಪ್ಪಸಂದ್ರದ ನೆರೆಯಲ್ಲಿರುವ ವಿಮಾನ ಕಾರ್ಖಾನೆಯ ಕಂಪೆನಿಯು ಸ್ಥಾಪಿತವಾದುದು ಅದರ ಮರುತಿಂಗಳು, 1940ನೆಯ ಡಿಸೆಂಬರಿನಲ್ಲಿ. ಭಾರತದ ಬಯಲನ್ನೂ ಮುಟ್ಟಿದ ಅದೇ ಯುದ್ಧದ ಮರೆಯಲ್ಲಿ, ಭಾರತದ ನುಡಿಯನ್ನು ಹೊತ್ತುಹೋದವರ ಮಕ್ಕಳು ಕುರಿದೊಡ್ಡಿಯ ಹುಲ್ಲಿನ ಮೇಲೆ ಮಲಗಿದ್ದರು.

1941ನೆಯ ನವೆಂಬರ್ 4ರಿಂದ 8ರವರೆಗೆ ಐದು ರೈಲುಗಳಲ್ಲಿ 5,007 ರೋಮರನ್ನೂ ಸಿಂತಿಗಳನ್ನೂ ಪೋಲೆಂಡಿನ ಲೋಡ್ಜ್ ನಗರದ ಬಂದೀವಾಡೆಗೆ ಸಾಗಿಸಿದರು. ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಆರುನೂರಕ್ಕೂ ಹೆಚ್ಚು ಮಂದಿ ಕೆಲವೇ ವಾರಗಳಲ್ಲಿ ಟೈಫಸ್ ಜ್ವರದಿಂದ ಸತ್ತರು. ಉಳಿದವರನ್ನು 1942ನೆಯ ಜನವರಿಯಲ್ಲಿ ಖೆಲ್ಮ್‌ನೊ ಎಂಬಲ್ಲಿ ವಿಷದ ಅನಿಲದಿಂದ ಕೊಂದರು. ಆ ಐದು ರೈಲುಗಳಲ್ಲಿ ಹೋದವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. 1943ರಿಂದ ಮತ್ತೆ ಹಲವರನ್ನು ಔಷ್‌ವಿಟ್ಜ್‌ಗೆ ಸಾಗಿಸಿದರು. ಯುದ್ಧಕ್ಕೆ ಮುಂಚೆ ಬುರ್ಗೆನ್‌ಲಾಂಡಿನಲ್ಲಿದ್ದ ರೋಮರ ಸಂಖ್ಯೆಯು ಸುಮಾರು 8,000. ಬದುಕಿ ಬಂದವರು ಅದರ ಹತ್ತನೆಯ ಒಂದು ಭಾಗದಷ್ಟು. ಹಿಂದಿರುಗಿದವರಿಗೆ ತಮ್ಮ ಗುಡಿಸಿಲುಗಳಿದ್ದ ಜಾಗವೂ ದೊರೆಯಲಿಲ್ಲ. ಗ್ರಾಮಗಳು ಅವನ್ನು ಕೆಡವಿದ್ದುವು.

7. ಉತ್ತರಚರಿತ್ರೆ

ಪೋರ್ಚಿಗೆ 1949ರಲ್ಲಿ ಆಸ್ಟ್ರಿಯಾದ ಜನನ್ಯಾಯಾಲಯವು 15 ವರ್ಷಗಳ ಕಠಿಣ ಸೆರೆವಾಸವನ್ನು ವಿಧಿಸಿತು. ಆದರೆ 1951ರಲ್ಲಿಯೇ ಅವನಿಗೆ ಬಿಡುಗಡೆಯಾಯಿತು. ಅನಂತರ ಅವನು ಬುರ್ಗೆನ್‌ಲಾಂಡಿನ ರೆಖ್ನಿಟ್ಜ್ ಎಂಬ ಊರಿನಲ್ಲಿ ನೆಲಸಿ, ನಾಲ್ಕು ದಶಕಗಳಿಗೂ ಮಿಕ್ಕಿ ಬದುಕಿ, 1996ನೆಯ ಮಾರ್ಚಿಯಲ್ಲಿ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ಮರಣಹೊಂದಿದನು. ಇಳಿವಯಸ್ಸಿನಲ್ಲಿ ಚಲನಚಿತ್ರಕಾರರ ಮುಂದೆ ಮಾತನಾಡುವ ಅವಕಾಶ ಬಂದಾಗಲೂ ತನ್ನ ಹಿಂದಿನ ನಿಲವಿಗಾಗಿ ಪಶ್ಚಾತ್ತಾಪಪಡಲಿಲ್ಲ. ಲಾಕೆನ್‌ಬಾಖಿನಲ್ಲಿ ಸ್ಮಾರಕವು ಎದ್ದುದು ಶಿಬಿರವು ಮುಚ್ಚಿ 39 ವರ್ಷಗಳಾದ ಮೇಲೆ, 1984ರಲ್ಲಿ. ಆಸ್ಟ್ರಿಯಾ ಸರಕಾರವು ರೋಮರನ್ನು ದೇಶದ ಜನಾಂಗಗಳಲ್ಲೊಂದೆಂದು ವಿಧಿವತ್ತಾಗಿ ಮನ್ನಿಸಿದುದು 1993ರಲ್ಲಿ.

ಈ ಮನ್ನಣೆ ದೊರೆತ ಒಂದು ವರ್ಷದ ತರುವಾಯ, 1995ನೆಯ ಫೆಬ್ರವರಿ 4ರ ರಾತ್ರಿ, ಪೂರ್ವೋಕ್ತವಾದ ಓಬರ್‌ವಾರ್ಟಿನ ರೋಮರ ಕೇರಿಯ ಬಳಿ ರಸ್ತೆಯಲ್ಲಿ ಒಂದು ಫಲಕವು ನಿಂತಿತ್ತು. ಅದನ್ನು ತೆಗೆದುಹಾಕಲು ಹೋದ ನಾಲ್ವರು ರೋಮಾ ಗಂಡಸರು, ಅದಕ್ಕೆ ಜೋಡಿಸಿದ್ದ ಸಿಡಿಗುಂಡು ಸ್ಫೋಟಿಸಿ, ಸತ್ತರು. ಫಲಕದ ಮೇಲೆ ‘ರೋಮರು ಹಿಂದಕ್ಕೆ, ಇಂಡಿಯಾಕ್ಕೆ’ ಎಂದು ಬರೆದಿತ್ತು. ಅದನ್ನು ನೆಟ್ಟ ಫ್ರಾನ್ಟ್ಸ್ ಫುಕ್ಸ್ ಎಂಬವನಿಗೆ 1999ರಲ್ಲಿ ಆಜೀವ ಸೆರೆಯಾಯಿತು. ಪೋರ್ಚಿಗೂ ಈ ಕೃತ್ಯಕ್ಕೂ ನೇರವಾದ ಸಂಬಂಧವಿಲ್ಲ; ಅಂದು ಅವನು ಅದೇ ಸೀಮೆಯ ಮುದುಕನಾಗಿದ್ದನು, ಅಷ್ಟೆ. ಆದರೆ ರ‍್ಯೂಡಿಗರನಿಂದ ಟರ್ನರನವರೆಗಿನ ಪಂಡಿತರು ಕಂಡ ಒಂದು ಸಂಗತಿಯು ಆ ಫಲಕದ ಮೇಲೆ ಕೊಲೆಯ ವಾಕ್ಯವಾಗಿ ನಿಂತಿತ್ತೆಂಬುದನ್ನು ವಿದ್ವಾಂಸರು ಮರೆಯಲಾಗದು. ವಿದ್ವತ್ತು ಸುಳ್ಳಾಗಿರಲಿಲ್ಲ. ‘ಎಲ್ಲಿಂದ ಬಂದರು’ ಎಂಬುದಕ್ಕೆ ಅದು ಕೊಟ್ಟ ಉತ್ತರವನ್ನು ‘ಎಲ್ಲಿಗೆ ಹೋಗಬೇಕು’ ಎಂಬುದಕ್ಕೆ ಉತ್ತರವೆಂದು ಇತರರು ಓದಿದರು. ಹಾಗೆ ಓದಬಾರದೆಂದು ಸಾಕಷ್ಟು ಗಟ್ಟಿಯಾಗಿ ಹೇಳಿದವರು ವಿರಳ.

ಅದೇ ವಿದ್ವತ್ತು ಇನ್ನೊಂದು ಕೆಲಸವನ್ನೂ ಮಾಡಿತು. ಪೋರ್ಚಿಯು ಉಪಗೌಲೈಟರನಾಗಿದ್ದ ಗ್ರಾಟ್ಜ್ ನಗರದ ವಿಶ್ವವಿದ್ಯಾನಿಲಯದಲ್ಲಿ, 1990ರ ದಶಕದಲ್ಲಿ ಭಾಷಾಶಾಸ್ತ್ರಜ್ಞರು ಓಬರ್‌ವಾರ್ಟಿನ ರೋಮರೊಡನೆ ಕೂಡಿ, ಅಲ್ಲಿಯವರೆಗೆ ಬರವಣಿಗೆಯಿಲ್ಲದಿದ್ದ ಆ ರೋಮಾನ್ ನುಡಿಗೆ ಬರೆಯುವ ಕ್ರಮವನ್ನು ಗೊತ್ತುಮಾಡಿ, ವ್ಯಾಕರಣವನ್ನೂ ಪಾಠಗಳನ್ನೂ ಸಿದ್ಧಪಡಿಸಿದರು. ಅಜ್ಜಂದಿರನ್ನು ಶಾಲೆಯಿಂದ ಹೊರಗಟ್ಟಿದ ಸೀಮೆಯಲ್ಲಿ ಮೊಮ್ಮಕ್ಕಳಿಗೆ ‘ಯೇಕ್, ದುಯ್, ತ್ರಿನ್’ ಎಂಬುದು ಪಾಠವಾಯಿತು. ಒಂದು ಜನದ ಮೂಲವನ್ನು ಅರಸುವವನು ಆ ಜನದ ಇಂದಿನ ಮನೆಯನ್ನೂ ಕಾಯಬೇಕಾಗುವುದೆಂಬುದು ತೋಬಿಯಾಸ್ ಪೋರ್ಚಿಯ ಚರಿತ್ರೆಯಿಂದ ಭಾಷಾಭ್ಯಾಸಿಗಳು ಗ್ರಹಿಸಬಹುದಾದ ಪಾಠ.